ಆರ್ಗನ್ ನುಡಿಸಿದವನ ಪಾಲು

ಇಂಗ್ಲೆಂಡಿನ ಪ್ರೋಕಲ್ ಹ್ಯಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ ಹಾಡು 1967ರ ಮೇ ತಿಂಗಳಲ್ಲಿ ಹೊರಬಂದು, ಆ ದೇಶದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಕೀತ್ ರೀಡ್ ರಚಿಸಿದ ಸಾಹಿತ್ಯದ ಅರ್ಥವನ್ನು ನನ್ನಲ್ಲಿ ಕೇಳಬೇಡಿ. ಕನಸಿನಲ್ಲಿ ಕಂಡಂತಹ ಚಿತ್ರಗಳು ಒಂದರ ಹಿಂದೊಂದು ಸರಿದುಹೋಗುತ್ತವೆ, ಅಷ್ಟೆ. ಆದರೆ ಬಾಖ್‌ನ ಛಾಯೆಯುಳ್ಳ ಆರಂಭದ ಆರ್ಗನ್ ವಾದನವನ್ನು ಒಮ್ಮೆ ಕೇಳಿದವರು ಮರೆಯಲಾರರು. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಶರ್. ಸಂಗೀತಕರ್ತರೆಂದು ದಾಖಲಾದದ್ದು ಮಾತ್ರ ಗಾಯಕ ಗ್ಯಾರಿ ಬ್ರೂಕರ್ ಒಬ್ಬರ ಹೆಸರು.

ಜೋ ಕಾಕರ್, ವಿಲ್ಲಿ ನೆಲ್ಸನ್, 1995ರಲ್ಲಿ ಆನಿ ಲೆನಾಕ್ಸ್, ಹೀಗೆ ನೂರಾರು ಮಂದಿ ಇದನ್ನು ಮತ್ತೆ ಹಾಡಿದರು. ಕಿಂಗ್ ಕರ್ಟಿಸ್ ಪದಗಳನ್ನೇ ಬಿಟ್ಟು ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಪ್ರತಿ ಮರುಗಾಯನದ ಕರ್ತೃಧನವೂ ಬ್ರೂಕರ್ ಮತ್ತು ರೀಡರ ಪಾಲಿಗೇ.

2005ರಲ್ಲಿ ಫಿಶರ್ ದಾವೆ ಹೂಡಿದರು. ಮೂವತ್ತೆಂಟು ವರ್ಷ ಸುಮ್ಮನಿದ್ದುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 2006ರ ತೀರ್ಪು ಅವರಿಗೆ ಸಂಗೀತದಲ್ಲಿ ಶೇಕಡ 40ರ ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಸಹಕರ್ತೃತ್ವವನ್ನು ಒಪ್ಪಿಯೂ, ವಿಳಂಬದ ಕಾರಣ ಹಣವನ್ನು ನಿರಾಕರಿಸಿತು. ಪದ್ಯದ ಕೆಳಗೆ ಕವಿಯ ಹೆಸರು ಬರೆಯದವರ ಅಂಕ ಕಳೆಯುತ್ತಿದ್ದ ಮೇಷ್ಟರಿಗೆ ಇದು ಹೇಗೆ ಹಿಡಿಸೀತು, ನೀವೇ ಹೇಳಿ! 2009ರ ಜುಲೈನಲ್ಲಿ ಹೌಸ್ ಆಫ್ ಲಾರ್ಡ್ಸ್ ಫಿಶರರ ಪಾಲನ್ನು ಮರಳಿಸಿತು. ಆದರೆ ಅದು 2005ರಿಂದೀಚೆಗಿನ ಗಳಿಕೆಗೆ ಮಾತ್ರ; ಅದಕ್ಕೆ ಹಿಂದಿನದರಲ್ಲಿ ಅವರಿಗೆ ಏನೂ ದಕ್ಕಲಿಲ್ಲ.