ಮುಂಬಯಿ-22: ಹತ್ತಿರದ ವಿಳಾಸ, ದೂರದ ವಿಳಾಸ

ಸಯನ್ ಪರಿಸರದ ಹಳೆಯ ಕನ್ನಡ ಮನೆಗಳಲ್ಲಿ ಟ್ರಂಕಿನ ತಳದಿಂದ ಇನ್‌ಲ್ಯಾಂಡ್ ಪತ್ರಗಳು ಹೊರಬಂದಾಗ ನಾವು ಮೊದಲು ನೋಡುವುದು ವಿಳಾಸವನ್ನು. 1972ಕ್ಕಿಂತ ಹಿಂದಿನವುಗಳ ಮೇಲೆ ‘ಸಯನ್, ಮುಂಬಯಿ-22’ ಎಂದಿರುತ್ತದೆ. ಅನಂತರದವುಗಳ ಮೇಲೆ 400022. ಆ ವರ್ಷದ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಆಗಿದ್ದರೆಂಬುದು ಸಾಹಿತ್ಯದ ನಂಟಿನ ನಮ್ಮಂಥವರಿಗೆ ಸಣ್ಣ ಹೆಮ್ಮೆಯ ವಿಷಯ. ಹೊಸ ಆರಂಕಿಯೊಳಗೆ ಹಳೆಯ 22 ಹಾಗೆಯೇ ಕುಳಿತಿದೆ. ಮಾಟುಂಗದ 19 ಕೂಡ 400019ರಲ್ಲಿ ಉಳಿದುಕೊಂಡಿತು. ನಗರದೊಳಗಿನ ಬಟವಾಡೆಗೆ ಎರಡು ಅಂಕಿ ಸಾಕು. ಉಡುಪಿಯಿಂದಲೋ ಧಾರವಾಡದಿಂದಲೋ ಬರುವ ಕಾಗದಕ್ಕೆ ಆರೂ ಬೇಕು.

ಸಯನ್ ಎಂಬ ಹೆಸರೇ ಗಡಿಯನ್ನು ಸೂಚಿಸುತ್ತದೆ. ಮರಾಠಿಯ ‘ಶೀವ್’ ನಮ್ಮ ‘ಸೀಮೆ’ಯ ಬಂಧು. ಪರೇಲ್ ದ್ವೀಪ ಇಂಗ್ಲಿಷರದು, ಆಚೆಯ ಸಾಲ್ಸೆಟ್ ಪೋರ್ಚುಗೀಸರದು ಎಂಬ ಕಾಲದಲ್ಲಿ, 1669ರಿಂದ 1677ರವರೆಗೆ ಗವರ್ನರನಾಗಿದ್ದ ಜೆರಾರ್ಡ್ ಆಂಜಿಯರನ ಆಡಳಿತದಲ್ಲಿ ಇಲ್ಲಿನ ಗುಡ್ಡದ ಮೇಲೆ ಕೋಟೆ ಎದ್ದಿತು. ಚಿಕ್ಕ ವಿಳಾಸವೊಂದು ಎಲ್ಲಿಯವರೆಗೆ ಸಾಲುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ತಕ್ಕ ಜಾಗ ನಮಗೆ ಸಿಗಲಾರದು.

ಗಣಕಯಂತ್ರದ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ನಿತ್ಯವೂ ಎದುರಿಸಿದ್ದು ಅಸೆಂಬ್ಲರ್ ಎಂಬ ತಂತ್ರಾಂಶ. ಮನುಷ್ಯ ಬರೆದ ಚುಟುಕು ಪದಗಳನ್ನು ಯಂತ್ರದ ಅಂಕಿಗಳಿಗೆ ತಿರುಗಿಸುವುದು ಅದರ ಕೆಲಸ. 1949ರಲ್ಲಿ ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರಕ್ಕೆ ಡೇವಿಡ್ ವೀಲರ್ ಬರೆದ ಮೊದಲ ಆವೃತ್ತಿಯಲ್ಲಿ ಇದ್ದದ್ದು ಕೇವಲ 31 ಆದೇಶಗಳು. ಆಗ ಸ್ಮೃತಿಯ ಒಂದೊಂದು ಕೋಣೆಗೂ ಬೆಲೆಯಿತ್ತು. ನಮ್ಮ ನಗರದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿ, 1960ರಲ್ಲಿ ಬಳಕೆಗೆ ತಂದ ಟಿಫ್ರಾಕ್ ಯಂತ್ರದ ಸ್ಮೃತಿ 40 ಬಿಟ್ಟುಗಳ 2,048 ಪದಗಳಷ್ಟು. ಇಂದಿನ ಲೆಕ್ಕದಲ್ಲಿ ಅದು 10,240 ಬೈಟುಗಳು. ನೀವು ಓದುತ್ತಿರುವ ಈ ಲೇಖನ, ಇಂದು ಎಲ್ಲೆಡೆ ರೂಢಿಯಲ್ಲಿರುವ ಸಂಕೇತದಲ್ಲಿ, ಅದರೊಳಗೆ ಹಿಡಿಸುವುದಿಲ್ಲ.

ಅಸೆಂಬ್ಲರಿನ ಮುಂದೆ ಆಯ್ಕೆ ಬಂದದ್ದು ಆದೇಶಗಳಿಗೆ ಬೇರೆ ಬೇರೆ ಉದ್ದ ಬಂದಾಗ. ‘ಇಂಥ ಕಡೆಗೆ ಜಿಗಿ’ ಎಂಬ ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳಬಹುದು: ಪೂರ್ಣ ವಿಳಾಸ ಕೊಡಬಹುದು, ಇಲ್ಲವೇ ‘ಇಲ್ಲಿಂದ ಇಷ್ಟು ಹೆಜ್ಜೆ ಮುಂದೆ’ ಎನ್ನಬಹುದು. 1976ರ ಝಡ್80ರಲ್ಲಿ ಪೂರ್ಣ ವಿಳಾಸದ ಜಿಗಿತಕ್ಕೆ ಮೂರು ಬೈಟು, ಹೆಜ್ಜೆಯೆಣಿಕೆಯ ಜಿಗಿತಕ್ಕೆ ಎರಡು. ಆದರೆ ಎರಡನೆಯದು ಆದೇಶ ಮುಗಿದ ಜಾಗದಿಂದ ಮುಂದಕ್ಕೆ 127, ಹಿಂದಕ್ಕೆ 128 ಬೈಟುಗಳ ಆಚೆ ಹೋಗಲಾರದು. ಚಿಕ್ಕದೆಲ್ಲ ಚುರುಕು ಎಂದು ತಿಳಿಯಬಾರದು: ಅದೇ ಯಂತ್ರದಲ್ಲಿ ಎರಡು ಬೈಟಿನ ಜಿಗಿತಕ್ಕೆ 12 ಗಡಿಯಾರ ಮಿಡಿತ, ಮೂರು ಬೈಟಿನದಕ್ಕೆ 10. ಉಳಿತಾಯವೇನಿದ್ದರೂ ಜಾಗದ್ದು.

ಝಡ್80ರ ಬಹುಪಾಲು ಅಸೆಂಬ್ಲರುಗಳು ಈ ಆಯ್ಕೆಯನ್ನು ಬರೆಯುವವರಿಗೇ ಬಿಟ್ಟವು. ಎರಡು ಜಿಗಿತಗಳಿಗೂ ಬೇರೆ ಬೇರೆ ಹೆಸರು. ಆ ಹೊರೆಯನ್ನು ಅಸೆಂಬ್ಲರೇ ಹೊತ್ತ ಉದಾಹರಣೆ ಪಿಡಿಪಿ-11ರ ಯುನಿಕ್ಸ್‌ನದು. ಅಲ್ಲಿ ಚಿಕ್ಕ ಕವಲು ಎರಡು ಬೈಟು, ದೊಡ್ಡ ಜಿಗಿತ ನಾಲ್ಕು. ಬರೆಯುವವರು ‘ಜೆಬಿಆರ್’ ಎಂಬ ಮೂರನೆಯ ಹೆಸರನ್ನು ಬಳಸಿದರೆ, ಗುರಿ ಹತ್ತಿರವೋ ದೂರವೋ ನೋಡಿ ತಕ್ಕದ್ದನ್ನು ಅಸೆಂಬ್ಲರ್ ಹಾಕುತ್ತಿತ್ತು.

ಹೇಳಲು ಸುಲಭ, ಮಾಡುವಲ್ಲಿ ತೊಡಕಿದೆ. ಗುರಿ ಎಷ್ಟು ದೂರ ಎಂದು ತಿಳಿಯಲು ನಡುವಿನ ಆದೇಶಗಳ ಉದ್ದ ಗೊತ್ತಿರಬೇಕು. ಆ ನಡುವೆಯೂ ಜಿಗಿತಗಳಿದ್ದರೆ ಅವುಗಳ ಉದ್ದ ಇನ್ನೂ ತೀರ್ಮಾನವಾಗಿರುವುದಿಲ್ಲ. ಎರಡೇ ಜಿಗಿತಗಳನ್ನು ಇಟ್ಟುಕೊಂಡು ನೋಡೋಣ. ಮೊದಲನೆಯದು ಎರಡನೆಯದನ್ನು ದಾಟಿ ಮುಂದೆ ಹೋಗಬೇಕು, ಎರಡನೆಯದು ಮೊದಲನೆಯದನ್ನು ದಾಟಿ ಹಿಂದೆ ಬರಬೇಕು. ಎರಡನೆಯದು ಚಿಕ್ಕದಾದರೆ ಮೊದಲನೆಯದರ ದೂರ 127, ದೊಡ್ಡದಾದರೆ 128. ಮೊದಲನೆಯದು ಚಿಕ್ಕದಾದರೆ ಎರಡನೆಯದರ ದೂರ 128, ದೊಡ್ಡದಾದರೆ 129. ‘ಸದ್ಯಕ್ಕೆ ಎಲ್ಲವೂ ದೊಡ್ಡದೆಂದು ಇಟ್ಟುಕೊಂಡು, ಆದಲ್ಲೆಲ್ಲ ಕುಗ್ಗಿಸೋಣ’ ಎಂಬ ಎಚ್ಚರಿಕೆಯ ಅಸೆಂಬ್ಲರ್ ಇಲ್ಲಿ ಸಿಕ್ಕಿಬೀಳುತ್ತದೆ. ಮೊದಲನೆಯದನ್ನು ಕುಗ್ಗಿಸಲು ನೋಡಿದರೆ ಎರಡನೆಯದು ಅಡ್ಡ. ಎರಡನೆಯದಕ್ಕೆ ಮೊದಲನೆಯದು ಅಡ್ಡ. ನೀನು ಸರಿದರೆ ನಾನು ಸರಿಯುತ್ತೇನೆಂದು ಲೋಕಲ್ ರೈಲಿನ ಬಾಗಿಲಲ್ಲಿ ನಿಂತ ಇಬ್ಬರಂತೆ, ಎರಡೂ ದೊಡ್ಡದಾಗಿಯೇ ಉಳಿಯುತ್ತವೆ. ಅದರ ಬದಲು ‘ಎಲ್ಲವೂ ಹತ್ತಿರವೇ’ ಎಂದು ನಂಬಿ ಹೊರಟರೆ ಎರಡೂ ಚಿಕ್ಕದರಲ್ಲಿ ಸರಿಹೊಂದುತ್ತವೆ.

1971ರಲ್ಲಿ ಡಿ. ಎಲ್. ರಿಚರ್ಡ್ಸ್, 1978ರಲ್ಲಿ ಥಾಮಸ್ ಷಿಮಾನ್ಸ್ಕಿ ಈ ಸಮಸ್ಯೆಯನ್ನು ಕುರಿತು ಬರೆದರು. ಷಿಮಾನ್ಸ್ಕಿ ಹಿಡಿದದ್ದು ನಂಬಿಕೆಯ ದಾರಿಯನ್ನು: ಎಲ್ಲವನ್ನೂ ಚಿಕ್ಕದೆಂದು ಇಟ್ಟುಕೊಳ್ಳುವುದು, ಸಾಲದ್ದನ್ನು ಮಾತ್ರ ಹಿಗ್ಗಿಸುವುದು, ಅದರಿಂದ ಎಟುಕು ತಪ್ಪಿದ ನೆರೆಯವನ್ನು ಮತ್ತೆ ಹಿಗ್ಗಿಸುವುದು. ಹಿಗ್ಗಿದ್ದು ಮತ್ತೆ ಕುಗ್ಗದು. ಆದ್ದರಿಂದ ಈ ಕೆಲಸ ಮುಗಿಯಲೇಬೇಕು. ಅನಿವಾರ್ಯವಾದದ್ದಷ್ಟೇ ಹಿಗ್ಗಿರುವುದರಿಂದ ಫಲವೂ ಅತ್ಯಂತ ಚಿಕ್ಕದೇ. ಆದರೆ ವಿಳಾಸಗಳನ್ನು ಮನಬಂದಂತೆ ಕೂಡಿ ಕಳೆಯುವ ಸ್ವಾತಂತ್ರ್ಯವನ್ನು ಬರೆಯುವವರಿಗೆ ಕೊಟ್ಟರೆ, ಒಂದು ಹಿಗ್ಗಿದಾಗ ಇನ್ನೊಂದು ದೂರ ಕಡಿಮೆಯಾಗುವುದೂ ಸಾಧ್ಯ. ಆಗ ಅತ್ಯಂತ ಚಿಕ್ಕದನ್ನು ಹುಡುಕುವುದು ಎನ್‌ಪಿ-ಕಂಪ್ಲೀಟ್ ಎಂಬ ಕಡುಕಷ್ಟದ ವರ್ಗಕ್ಕೆ ಸೇರುತ್ತದೆಂದು ಅವರು ತೋರಿಸಿದರು.

ಆಯ್ಕೆಗೆ ಇನ್ನೊಂದು ಮಿತಿಯಿದೆ. ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ 8085 ಕಿಟ್ಟಿನ ಮುಂದೆ ಕುಳಿತು, ಹಾಳೆಯ ಮೇಲೆ ಕೈಯಾರೆ ಸಂಕೇತ ಬರೆದವರಿಗೆ ಇದು ನೆನಪಿರಬಹುದು. ಸಂಚಯಕಕ್ಕೆ ಸೊನ್ನೆ ತುಂಬಲು ‘ಎಂವಿಐ ಎ, 00’ ಎಂದರೆ ಎರಡು ಬೈಟು, ‘ಎಕ್ಸ್‌ಆರ್‌ಎ ಎ’ ಎಂದರೆ ಒಂದೇ. ಎರಡನೆಯದು ಸೊನ್ನೆಯ ಜೊತೆಗೆ ಯಂತ್ರದ ಗುರುತುಬಾವುಟಗಳನ್ನೂ ಬದಲಾಯಿಸುತ್ತದೆ. ಆದುದರಿಂದ ಮೊದಲನೆಯದು ಬರೆದಿರುವಲ್ಲಿ ಅಸೆಂಬ್ಲರ್ ತಾನಾಗಿ ಎರಡನೆಯದನ್ನು ಇಡಕೂಡದು. ಅರ್ಥ ಒಂದೇ ಆಗಿರುವ ರೂಪಗಳ ನಡುವೆ ಮಾತ್ರ ಅದಕ್ಕೆ ಅಧಿಕಾರ. ಸಂಪಾದಕನಿಗೂ ಲೇಖಕನಿಗೂ ಇರಬೇಕಾದ ಗೆರೆ ಇದೇ ಎಂದು ನಮ್ಮಲ್ಲಿ ಕೆಲವರು ಗೊಣಗಿಕೊಂಡದ್ದುಂಟು.

ಕನ್ನಡ ಅಕ್ಷರವೂ ಇದೇ ಲೆಕ್ಕಾಚಾರದಲ್ಲಿ ಸಿಕ್ಕಿಕೊಂಡಿತು. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ನಮ್ಮ ಕೆ. ಪಿ. ರಾವ್, ಮುಂಬಯಿಯಲ್ಲಿ ಕೆಲಸ ಮಾಡಿದವರು. ಅವರ ಕೀಲಿಮಣೆಯಲ್ಲಿ ನಾವು ಒತ್ತುವುದು ಧ್ವನಿಗಳನ್ನು. ಒತ್ತಕ್ಷರ ಎಲ್ಲಿ, ಯಾವ ಆಕಾರದಲ್ಲಿ ಕೂರಬೇಕೆಂದು ತೀರ್ಮಾನಿಸುವುದು ತಂತ್ರಾಂಶ. ಅದೂ ಒಂದು ಬಗೆಯ ಅಸೆಂಬ್ಲರೇ ಸರಿ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಬೈಟು. ‘ಸಯನ್’ ಎಂದು ಬರೆಯಲು ಸ, ಯ, ನ ಮತ್ತು ಹಲಂತದ ಗುರುತು: ನಾಲ್ಕು ಬೈಟು. 1992ರಲ್ಲಿ ಯುನಿಕ್ಸ್‌ನ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆಗೂಡಿ ರೂಪಿಸಿದ ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ನಮ್ಮ ಪ್ರತಿಯೊಂದು ಸಂಕೇತಕ್ಕೂ ಮೂರು. ಇಲ್ಲಿ ಹತ್ತಿರ ದೂರಗಳನ್ನು ಯಾರೂ ಅಳೆದು ನೋಡುವುದಿಲ್ಲ. ಕನ್ನಡ ದೂರವೆಂದು ಮೊದಲೇ ನಿಗದಿಯಾಗಿದೆ, ಇಡೀ ಪುಟ ಕನ್ನಡದ್ದೇ ಆಗಿದ್ದರೂ.

ಅಸಮಾಧಾನ ನಮಗಿಲ್ಲವೆಂದಲ್ಲ. ಆದರೂ ಇಸ್ಕಿಯ ಕಡತಗಳನ್ನು ತೆರೆಯಲು ಹೆಣಗಿದವರು ಆ ಅಗ್ಗದ ಬೆಲೆಯನ್ನು ಹಾಡಿ ಹೊಗಳಲಾರರು. ಅದರಲ್ಲಿ ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಅಂಕಿ. ಲಿಪಿ ಯಾವುದೆಂಬ ಸೂಚನೆ ಕಳೆದುಹೋದರೆ ಬರಹ ಬೇರೊಂದು ಲಿಪಿಯಲ್ಲಿ ಮೂಡುತ್ತಿತ್ತು. ಮುಂಬಯಿಯ ಹೆಸರಿಲ್ಲದೆ ಬರಿಯ 22 ಎಂದು ಬರೆದ ಕಾಗದ ಉಡುಪಿಯ ಅಂಚೆಪೆಟ್ಟಿಗೆಗೆ ಬಿದ್ದ ಹಾಗೆ. ಯುಟಿಎಫ್-8ರಲ್ಲಿ ‘ಸಯನ್’ ಹನ್ನೆರಡು ಬೈಟು, ಮತ್ತು ಯಾವ ಊರಿನ ಯಂತ್ರದಲ್ಲಿ ತೆರೆದರೂ ಆ ಹನ್ನೆರಡು ಬೈಟುಗಳು ಸೂಚಿಸುವುದು ಅದೇ ನಾಲ್ಕು ಕನ್ನಡ ಸಂಕೇತಗಳನ್ನು.