ಕೀಲಿಕೈ ಯಾರ ಕೈಯಾಗಿರಬೇಕು? ಹೊಸಬರಿಗೆ ಸರ್ವರ್ ದಾರಿ ತೋರಿಸೋರಿಗೆ ಒಂದಿಷ್ಟು ಇತಿಹಾಸ

🔑 ಭಾಗ 1/7

ದೋಸ್ತ್ರ, ಓಪನ್ ಸೋರ್ಸ್ ಅಂದ ಕೂಡಲೇ ಎಲ್ಲರ ತಲಿಗೆ ಬರೋದು ಕೋಡ್. ಆದ್ರ ಹೊಸಬರು ಬಹಳ ಸಲ ಎಡವೋದು ಕೋಡ್‌ನಾಗ ಅಲ್ಲ, ಬಾಗಿಲಾಗ. ಎಲ್ಲೋ ದೂರದ ಸರ್ವರ್‌ಗೆ ಲಾಗಿನ್ ಆಗಬೇಕು, ಅಲ್ಲಿರೋ ಡೇಟಾಬೇಸ್ ತೆರೀಬೇಕು. ‘ಪರ್ಮಿಷನ್ ಡಿನೈಡ್’ ಅಂತ ಒಂದು ಸಾಲು ಬರ್ತದ. ಗ್ರೂಪ್‌ನಾಗ ಕೇಳಿದ್ರ ಒಬ್ಬರು "ಗೂಗಲ್ ಮಾಡು" ಅಂತಾರ. ಇನ್ನೊಬ್ಬರು ಭಾಳ ಒಳ್ಳೇವ್ರು, "ತಗೋ, ನನ್ನ ಪಾಸ್‌ವರ್ಡ್ ಹಾಕು" ಅಂತಾರ.

ಎರಡೂ ತಪ್ಪು. ಮೊದಲನೇದು ಬಾಗಿಲು ಮುಚ್ಚತದ, ಎರಡನೇದು ಬಾಗಿಲನ್ನೇ ಕಿತ್ತು ಹಾಕತದ. ಕಳೆದ ಐವತ್ತು ವರ್ಷದಲ್ಲಿ ಈ ತಂತ್ರಜ್ಞಾನ ಕಟ್ಟಿದವರು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಂದಿದ್ದಾರೆ: ಪರಿಚಯ ಇಲ್ಲದವರನ್ನು ಒಳಗೆ ಬಿಡೋದು ಹೇಗೆ, ಏನೂ ಕೆಡದಂತೆ? ಆ ಉತ್ತರಗಳು ಗೊತ್ತಿದ್ದರೆ ನೀವು ಯಾರಿಗೆ ಬೇಕಾದರೂ ಧೈರ್ಯವಾಗಿ ಸಹಾಯ ಮಾಡಬಹುದು. ಬರ್ರಿ, ಒಂದೊಂದಾಗಿ ನೋಡೋಣ.

🔑 ಭಾಗ 2/7: ಹೆಲ್ಸಿಂಕಿ, 1995

ಆಗ ದೂರದ ಕಂಪ್ಯೂಟರ್‌ಗೆ ಹೋಗೋಕೆ ಟೆಲ್ನೆಟ್ ಬಳಸುತ್ತಿದ್ದರು. ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಪೋಸ್ಟ್‌ಕಾರ್ಡ್ ಇದ್ದಂಗ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹಂಗೇ ಆಯ್ತು, ಕದ್ದು ಓದುವ ಪ್ರೋಗ್ರಾಂ ಸಿಕ್ಕಿತು. ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು.

ಆ ಕಥೆಯೊಳಗ ನನಗೆ ಇಷ್ಟವಾದ ತುಣುಕು ಇದು. ಹೊಸ ಪ್ರೋಗ್ರಾಂಗೆ ಒಂದು ಪೋರ್ಟ್ ಸಂಖ್ಯೆ ಬೇಕಿತ್ತು. ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23. ನಡುವೆ 22 ಖಾಲಿ ಇತ್ತು. ಯ್ಲೋನೆನ್ ಜುಲೈ ತಿಂಗಳಲ್ಲಿ, ಪೋರ್ಟ್ ಸಂಖ್ಯೆಗಳನ್ನು ಹಂಚುವ ಸಂಸ್ಥೆಗೆ ಒಂದು ಇಮೇಲ್ ಹಾಕಿದರು. ಮರುದಿನವೇ ಜಾಯ್ಸ್ ರೆನಾಲ್ಡ್ಸ್ ಉತ್ತರ ಬರೆದರು: 22 ನಿಮ್ಮದು. ಇವತ್ತಿಗೂ ಜಗತ್ತಿನ ಸರ್ವರ್‌ಗಳು 22ರಲ್ಲೇ ಕಾಯ್ತಾವ. ಹೊಸಬರೊಬ್ಬರ ಪ್ರಶ್ನೆಗೆ ಒಂದೇ ದಿನದಲ್ಲಿ ಸಿಕ್ಕ ನೇರ ಉತ್ತರದ ಗುರುತು ಅದು. ಆ ವರ್ಷದ ಕೊನೆಗೆ ಎಸ್‌ಎಸ್‌ಎಚ್ 50 ದೇಶಗಳಲ್ಲಿ ಸುಮಾರು 20,000 ಬಳಕೆದಾರರನ್ನು ತಲುಪಿತ್ತು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಮುಕ್ತ ಆವೃತ್ತಿ ಓಪನ್‌ಎಸ್‌ಎಸ್‌ಎಚ್ ಹೊರತಂದಿತು. ನಿಮ್ಮ ಲಿನಕ್ಸ್‌ನಲ್ಲಿ ಇರೋದು ಅದೇ.

🔑 ಭಾಗ 3/7: ಕೀಲಿ ಬೇರೆ, ಕೀಲಿಕೈ ಬೇರೆ

ನಮ್ಮ ಹಾನಗಲ್ ಕಡೆ ಕೀಲಿ ಅಂದ್ರ ಬೀಗ, ಅದನ್ನ ತೆಗೆಯೋದು ಕೀಲಿಕೈ. ಎಸ್‌ಎಸ್‌ಎಚ್ ತಿಳಿಸಾಕ ಇದಕ್ಕಿಂತ ಛಲೋ ಮಾತು ಸಿಗೂದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು ಜೋಡಿ ಹುಟ್ಟುತ್ತದೆ. ಪಬ್ಲಿಕ್ ಕೀ ಅನ್ನೋದು ಕೀಲಿ, ಅದನ್ನ ಸರ್ವರ್ ಬಾಗಿಲಿಗೆ ಹಾಕಬಹುದು, ಊರಿಗೆಲ್ಲ ತೋರಿಸಬಹುದು. ಪ್ರೈವೇಟ್ ಕೀ ಅನ್ನೋದು ಕೀಲಿಕೈ, ಅದು ನಿಮ್ಮ ಯಂತ್ರ ಬಿಟ್ಟು ಹೊರಗೆ ಹೋಗಬಾರದು.

ಹೊಸಬರು ‘ಆಗವಲ್ದು’ ಅಂದಾಗ ಈ ಕ್ರಮದಲ್ಲಿ ಕೇಳ್ರಿ:

➡️ ‘ಟೈಮ್ಡ್ ಔಟ್’ ಬಂತಾ? ಬಾಗಿಲ ತನಕ ಹೋಗೇ ಇಲ್ಲ. ಕಾಲೇಜ್ ವೈಫೈ 22ನೇ ಪೋರ್ಟ್ ತಡೆದಿರಬಹುದು. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡ್ರಿ.
➡️ ‘ರೆಫ್ಯೂಸ್ಡ್’ ಬಂತಾ? ಮನಿ ಸಿಕ್ಕಿತು, ಆ ಬಾಗಿಲಾಗ ಯಾರೂ ಇಲ್ಲ. ಪೋರ್ಟ್ ಸಂಖ್ಯೆ ನೋಡ್ರಿ.
➡️ ‘ಪರ್ಮಿಷನ್ ಡಿನೈಡ್’ ಬಂತಾ? ಬಾಗಿಲು ಮುಟ್ಟೀರಿ, ಕೀಲಿಕೈ ಕೂಡಲಿಲ್ಲ. ಮೊದಲು ಯೂಸರ್‌ನೇಮ್ ಸರಿ ಐತೇನು ನೋಡ್ರಿ, ಆಮೇಲೆ ಯಾವ ಕೀ ಫೈಲ್ ಹೋಗ್ತಾ ಐತಿ, ಆಮೇಲೆ ಆ ಫೈಲ್ ನಿಮಗಷ್ಟೇ ಓದೋಕೆ ಬರ್ತದೇನು.
➡️ ಮೊದಲ ಸಲ ಸರ್ವರ್ ಒಂದು ಬೆರಳಚ್ಚು ತೋರಿಸಿ ‘ಯೆಸ್ ಅಥವಾ ನೋ’ ಕೇಳ್ತದ. ಪ್ರಾಜೆಕ್ಟ್‌ನವರು ತಮ್ಮ ಪುಟದಲ್ಲಿ ಹಾಕಿರೋ ಬೆರಳಚ್ಚಿನ ಜೊತೆ ಹೋಲಿಸಿದ ಮೇಲೇ ಯೆಸ್.

ಗಾಬರಿಯಲ್ಲಿ ಯಾರಾದರೂ ಪ್ರೈವೇಟ್ ಕೀಯನ್ನೇ ಗ್ರೂಪ್‌ಗೆ ಹಾಕಿದ್ರೆ ಬೈಬ್ಯಾಡ್ರಿ. ಆ ಜೋಡಿ ತೆಗೆದು ಹಾಕಿ, ಹೊಸ ಜೋಡಿ ಮಾಡೋದು ಎರಡು ನಿಮಿಷದ ಕೆಲಸ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಕೀಲಿಕೈ ಬಿಟ್ಟು ಬರಬ್ಯಾಡ್ರಿ ಅಂತಷ್ಟೇ ಹೇಳ್ರಿ.

🔑 ಭಾಗ 4/7: ಒಳಗೆ ಬಾ, ಓದು, ಆದ್ರ ಅಳಿಸಾಕ ಬರೂದಿಲ್ಲ

ಕೀಲಿಕೈ ಸಿಕ್ಕ ಮೇಲೆ ಮುಂದಿನ ಭಯ: "ನಾನೇನಾದ್ರೂ ಕೆಡಿಸಿಬಿಟ್ರ?"

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅದರ ಲೇಖನಗಳ ಪಟ್ಟಿ, ತಿದ್ದುಪಡಿಗಳು, ವರ್ಗಗಳು ಎಲ್ಲಾ ಡೇಟಾಬೇಸ್‌ನಲ್ಲೇ ಇವೆ. ಸ್ವಯಂಸೇವಕರಿಗೆ ಆ ಮಾಹಿತಿ ಬೇಕು, ಆದ್ರ ಜೀವಂತ ಡೇಟಾಬೇಸ್ ಅವರ ಕೈಗೆ ಕೊಡೋ ಹಂಗಿಲ್ಲ. ಇದಕ್ಕೆ 2005ರಲ್ಲಿ ವಿಕಿಮೀಡಿಯಾದ ಜರ್ಮನಿ ಶಾಖೆ ‘ಟೂಲ್‌ಸರ್ವರ್’ ನಡೆಸೋಕೆ ಶುರು ಮಾಡಿತು. ಅದರಲ್ಲಿ ಡೇಟಾಬೇಸ್‌ನ ನಕಲು ಇಟ್ಟು ಸ್ವಯಂಸೇವಕರಿಗೆ ಲಾಗಿನ್ ಕೊಟ್ಟರು. 2014ರಲ್ಲಿ ಅದು ಮುಚ್ಚಿತು. ಅದರ ಕೆಲಸ ವಿಕಿಮೀಡಿಯಾ ಫೌಂಡೇಶನ್‌ನ ಸರ್ವರ್‌ಗಳಿಗೆ ಹೋಯಿತು. ಈಗ ಅದರ ಹೆಸರು ಟೂಲ್‌ಫೋರ್ಜ್.

ಅಲ್ಲಿ ಡೆವಲಪರ್ ಖಾತೆ ಮಾಡಿ, ಸದಸ್ಯತ್ವ ಕೇಳಿ, ನಿಮ್ಮ ಪಬ್ಲಿಕ್ ಕೀ ಹಾಕಿದ್ರೆ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಬಹುದು. ಎಡವೋ ಜಾಗ ಒಂದೈತಿ: ವಿಕಿಪೀಡಿಯದ ಹೆಸರು ಬೇರೆ, ಅಲ್ಲಿನ ಶೆಲ್ ಹೆಸರು ಬೇರೆ ಇರಬಹುದು. ಒಳಗೆ ಹೋದ ಮೇಲೆ ಕನ್ನಡ ವಿಕಿಯ ನಕಲು ಡೇಟಾಬೇಸ್ ಸಿಗುತ್ತದೆ. ಖಾಸಗಿ ಮಾಹಿತಿ ತೆಗೆದಿರ್ತಾರೆ, ಉಳಿದದ್ದು ಓದೋಕೆ ಮಾತ್ರ. ಎಷ್ಟೇ ತಪ್ಪು ಕ್ವೆರಿ ಹಾಕಿದ್ರೂ ವಿಕಿಪೀಡಿಯದ ಒಂದು ಅಕ್ಷರ ಅಳಿಯೂದಿಲ್ಲ. ಎಸ್‌ಎಸ್‌ಎಚ್ ಇನ್ನೂ ಕೂಡಿಲ್ಲ ಅಂದ್ರ ‘ಕ್ವಾರಿ’ ಅನ್ನೋ ಜಾಲಪುಟದಲ್ಲಿ ಬ್ರೌಸರ್‌ನಿಂದಲೇ ಕ್ವೆರಿ ಹಾಕಬಹುದು. ಹೊಸಬರನ್ನು ಮೊದಲು ಇಂಥಾ ಕಡೆ ಕರ್ಕೊಂಡು ಹೋಗ್ರಿ.

🔑 ಭಾಗ 5/7: ಎರಡು ಆಡೂರು

ಈಗ ಬರೆಯೋ ಹಕ್ಕಿನ ವಿಷಯ. ನಮ್ಮ ಆಡೂರನ್ನೇ ತಗೊಳ್ರಿ. ಇಲ್ಲಿ ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿನ ಶಾಸನ ಐತಿ, ಜಿನಾಲಯಕ್ಕೆ ಕೊಟ್ಟ ಭೂಮಿಯ ದಾಖಲೆ. ಹಳೇ ಪುಸ್ತಕಗಳು ಊರನ್ನ ‘ಧಾರವಾಡ ಜಿಲ್ಲೆ’ ಅಂತ ಬರೀತಾವ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ನೀವು ಊರುಗಳ ಒಂದು ಡೇಟಾಬೇಸ್ ಮಾಡಿ, ಹೊಸಬರಿಗೆ "ಆಡೂರಿನ ಜಿಲ್ಲೆ ಸರಿ ಮಾಡು" ಅಂತ ಹೇಳಿದ್ರಿ ಅನ್ಕೊಳ್ರಿ. ಅವರು ‘ಹೆಸರು ಆಡೂರು ಇದ್ದ ಕಡೆಯೆಲ್ಲ ಜಿಲ್ಲೆ ಹಾವೇರಿ’ ಅಂತ ಅಪ್‌ಡೇಟ್ ಹಾಕ್ತಾರ.

ಕಾಸರಗೋಡು ಜಿಲ್ಲೆಯಲ್ಲೂ ಒಂದು ಆಡೂರು ಐತಿ. ಅದೂ ಹಾವೇರಿಗೆ ಬಂದು ಕೂತ್ಕೊಂತು!

ಇಂಥಾದ್ದು ಆಗ್ತದ ಅಂತ ಗೊತ್ತಿದ್ದೇ ಹಿರಿಯರು ಎರಡು ಉಪಾಯ ಮಾಡಿಟ್ಟಿದ್ದಾರೆ. ಒಂದು, 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿ. ಅದರಲ್ಲಿ ಪ್ರತಿ ಸಾಲಿಗೂ ತನ್ನದೇ ಗುರುತು, ಪ್ರೈಮರಿ ಕೀ. ಹೆಸರು ಎರಡು ಊರಿಗೆ ಒಂದೇ ಇರಬಹುದು, ಈ ಗುರುತು ಒಂದೇ ಇರೋ ಹಂಗಿಲ್ಲ. ಎರಡನೇದು ಟ್ರಾನ್ಸಾಕ್ಷನ್. ಜಿಮ್ ಗ್ರೇ ಈ ಕುರಿತ ಕೆಲಸಕ್ಕೇ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಬಿಗಿನ್ ಹಾಕಿ, ಬದಲಾಯಿಸಿ, ನೋಡಿ. ಸರಿ ಇದ್ರ ಕಮಿಟ್, ಇಲ್ಲಾಂದ್ರ ರೋಲ್‌ಬ್ಯಾಕ್, ಏನೂ ಆಗೇ ಇಲ್ಲ ಅನ್ನೋ ಹಂಗ.

ಹೊಸಬರಿಗೆ ಒಂದೇ ರೂಢಿ ಕಲಿಸ್ರಿ: ಅಪ್‌ಡೇಟ್ ಬರೆಯೋ ಮುಂಚೆ ಅದೇ ಷರತ್ತು ಹಾಕಿ ಸೆಲೆಕ್ಟ್ ಮಾಡು. ಒಂದು ಸಾಲು ಬರಬೇಕಾದಲ್ಲಿ ಎರಡು ಬಂದ್ರ, ಕೈ ನಿಲ್ಲಿಸು.

🔑 ಭಾಗ 6/7: ಕನ್ನಡ ಯಾಕೆ ಪ್ರಶ್ನೆ ಚಿಹ್ನೆ ಆಗ್ತದ?

ಇದು ಇಂಗ್ಲಿಷ್ ಪಾಠಗಳಲ್ಲಿ ಸಿಗೋದು ಕಡಿಮೆ, ನಾವೇ ಹೇಳ್ಕೊಡಬೇಕು. ಯೂನಿಕೋಡ್ ಬಳಕೆಗೆ ಬರೋ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರದ ಆಕಾರ ಫಾಂಟ್‌ನಲ್ಲಿ ಇರ್ತಿತ್ತು, ಒಳಗೆ ಉಳೀತಿದ್ದಿದ್ದು ಬೇರೆ ಲಿಪಿಯ ಸಂಕೇತ. ಫಾಂಟ್ ತೆಗೆದ್ರ ಕನ್ನಡ ಮಾಯ. ಅರವಿಂದ ವಿ.ಕೆ. ಇದನ್ನ ಯೂನಿಕೋಡ್‌ಗೆ ತಿರುಗಿಸೋ ಪ್ರೋಗ್ರಾಂ ಬರೆದು ಮುಕ್ತವಾಗಿ ಇಟ್ಟರು. ‘ವಚನ ಸಂಚಯ’ದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನ ಇವತ್ತು ಪದ ಹಾಕಿ ಹುಡುಕಬಹುದು ಅಂದ್ರ, ಅದರ ಹಿಂದೆ ಇಂಥಾ ಪರಿವರ್ತನೆಯ ಕೆಲಸ ಐತಿ. ವಿ. ಕೃಷ್ಣ ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತು. ಅದರಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. ಕೈಲಾಶ್ ನಾಧ್ ಬರೆದ ಅದರ ತಂತ್ರಾಂಶವೂ ಮುಕ್ತ, ಒಳಗಿರೋದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್.

‘ಆಡೂರು’ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು: ಆ, ಡ, ಊ ಸ್ವರಚಿಹ್ನೆ, ರ, ಉ ಸ್ವರಚಿಹ್ನೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 15. ಡೇಟಾಬೇಸ್ ಟೇಬಲ್ ಹಳೇ ಲ್ಯಾಟಿನ್ ಸಂಕೇತದಲ್ಲಿದ್ರ ಇದಕ್ಕ ಜಾಗ ಇಲ್ಲ. ವಿಚಿತ್ರ ಅಕ್ಷರ ಕಂಡ್ರ ಗಾಬರಿ ಬ್ಯಾಡ, ಬಹಳ ಸಲ ವಾಪಸ್ ತರಬಹುದು. ಆದ್ರ ಡೇಟಾಬೇಸ್ ಒಳಗೇ ಬರೇ ಪ್ರಶ್ನೆ ಚಿಹ್ನೆ ಕೂತಿದ್ರ ಮೂಲ ಹೋಯ್ತು ಅಂತಲೇ ಅರ್ಥ. ಅದಕ್ಕ ಸಾವಿರ ಸಾಲು ತುಂಬೋ ಮುಂಚೆ ಒಂದೇ ಸಾಲು ಹಾಕಿ, ಓದಿ ನೋಡಾಕ ಹೇಳ್ರಿ.

🔑 ಭಾಗ 7/7: ತಪ್ಪು ಯಾರಿಂದ ಬೇಕಾದ್ರೂ ಆಗ್ತದ

2017ರ ಜನವರಿ 31. ಗಿಟ್‌ಲ್ಯಾಬ್ ಕಂಪನಿಯ ಅನುಭವಿ ಎಂಜಿನಿಯರ್ ಒಬ್ಬರು ರಾತ್ರಿ ಡೇಟಾಬೇಸ್ ರಿಪೇರಿ ಮಾಡ್ತಿದ್ದರು. ಎರಡು ಸರ್ವರ್, ಎರಡಕ್ಕೂ ಲಾಗಿನ್. ನಕಲಿನ ಸರ್ವರ್ ಅಂದ್ಕೊಂಡು ಅಸಲಿ ಸರ್ವರ್‌ನಲ್ಲಿ ಅಳಿಸೋ ಆದೇಶ ಕೊಟ್ಟರು. ತಕ್ಷಣ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಐದು ವ್ಯವಸ್ಥೆ ಇದ್ವು, ಯಾವುದೂ ನೆಟ್ಟಗೆ ನಡೀತಿರಲಿಲ್ಲ. ಕಾಪಾಡಿದ್ದು ಆರು ತಾಸು ಮೊದಲು ಕೈಯಿಂದ ತೆಗೆದ ಒಂದು ಪ್ರತಿ. ಆ ಆರು ತಾಸಿನ ಡೇಟಾ ಹೋಯಿತು.

ಆಮೇಲೆ ಅವರು ಮಾಡಿದ್ದು ನೋಡ್ರಿ. ರಿಪೇರಿ ಕೆಲಸವನ್ನ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಏನಾಯಿತು ಅನ್ನೋದನ್ನ ಪೂರ್ತಿ ಬರೆದರು. ಎಂಜಿನಿಯರ್‌ನ ಬಲಿ ಕೊಡಲಿಲ್ಲ, ವ್ಯವಸ್ಥೆ ಸರಿ ಮಾಡಿದರು.

ಅಷ್ಟು ಅನುಭವಸ್ಥರಿಗೇ ಹಿಂಗಾದ್ರ, ಮೊದಲ ದಿನ ಬಂದವರು ತಪ್ಪು ಮಾಡೋದ್ರಾಗ ಆಶ್ಚರ್ಯ ಏನೈತಿ? ಅದಕ್ಕ ಸಹಾಯ ಅಂದ್ರ ಮೂರು ಕೊಡೋದು:

✅ ಅವರದ್ದೇ ಕೀಲಿಕೈ. ನಿಮ್ಮ ಪಾಸ್‌ವರ್ಡ್ ಅಲ್ಲ.
✅ ಮೊದಲು ಓದೋ ಹಕ್ಕು, ನಂಬಿಕೆ ಬೆಳೆದಂಗ ಬರೆಯೋ ಹಕ್ಕು.
✅ ಹಿಂದಕ್ಕ ಬರೋ ದಾರಿ: ಟ್ರಾನ್ಸಾಕ್ಷನ್, ಮತ್ತೆ ನಿಜವಾಗಿ ತೆರೆದು ನೋಡಿದ ಬ್ಯಾಕಪ್.

ಅವರ ಕೀಬೋರ್ಡ್ ಕಸಕೊಂಡು ನೀವೇ ಟೈಪ್ ಮಾಡಿಕೊಟ್ರ ಆ ದಿನದ ಕೆಲಸ ಆಗ್ತದ, ಮನುಷ್ಯ ತಯಾರಾಗೂದಿಲ್ಲ. ಕನ್ನಡದ ಮುಕ್ತ ತಂತ್ರಾಂಶಗಳನ್ನ ನಡೆಸೋ ಕೈಗಳು ಇವತ್ತಿಗೂ ಕಡಿಮೆ. ಇರೋರು ಸುಸ್ತಾದ ದಿನ ಮುಂದಿನವರಿಗೆ ಬಾಗಿಲು ತೆರೆಯೋಕೆ ಬರದಿದ್ರ, ಡೇಟಾಬೇಸ್ ಇದ್ದೂ ಇಲ್ಲದಂಗ.

ಯಾರಾದ್ರೂ "ಲಾಗಿನ್ ಆಗವಲ್ದು" ಅಂತ ಕೇಳಿದ್ರ, ಸ್ಕ್ರೀನ್ ಮೇಲೆ ಏನು ಬಂದೈತಿ ಅಂತ ಅಕ್ಷರಶಃ ಓದಿ ಹೇಳಾಕ ಹೇಳ್ರಿ. ಅಲ್ಲಿಂದ ಶುರು ಮಾಡ್ರಿ. ಉತ್ತರ ಅವತ್ತೇ ಕೊಡ್ರಿ, ಇಲ್ಲಾಂದ್ರ ಮರುದಿನ.

ಸೇವ್ ಮಾಡ್ಕೊಳ್ರಿ, ಪ್ರಾಜೆಕ್ಟ್ ಶುರು ಮಾಡೋ ದೋಸ್ತಗ ಕಳಸ್ರಿ. ಎಲ್ಲಿ ಸಿಕ್ಕಾಕೊಂಡೀರಿ ಅಂತ ಕಾಮೆಂಟ್‌ನಾಗ ಬರೀರಿ. ಪಾಸ್‌ವರ್ಡ್ ಮಾತ್ರ ಬರೀಬ್ಯಾಡ್ರಿ 😄

#ಕನ್ನಡ #ಓಪನ್‌ಸೋರ್ಸ್ #ಆಡೂರು #ಹಾನಗಲ್ #ಹಾವೇರಿ #ಕನ್ನಡವಿಕಿಪೀಡಿಯ #ತಂತ್ರಜ್ಞಾನದಇತಿಹಾಸ