ಸವೆದ ಅಕ್ಷರ, ಸವೆದ ಹಾಗೆ ಕಾಣೋ ಫಾಂಟ್

ಭಾಗ 1
ಫ್ರೆಂಡ್ಸ್, ಮೊದಲನೇ ಫೋಟೋ ನಮ್ಮ ಕಾಮರ್ಸ್ ಫೆಸ್ಟ್ ಪೋಸ್ಟರ್. ಅಕ್ಷರ ಗಮನಿಸಿ. ದಪ್ಪ ಮೈ, ತುದಿಯಲ್ಲಿ ಇಟ್ಟಿಗೆ ಇಟ್ಟ ಹಾಗೆ ಚೌಕ ಪಟ್ಟಿ, ಅಲ್ಲಲ್ಲಿ ಬಣ್ಣ ಉದುರಿದ ಗುರುತು. ಇದಕ್ಕೆ ಸ್ಲ್ಯಾಬ್ ಸೆರಿಫ್ ಅಂತಾರೆ. "ಹಳೇ ಲುಕ್ ಸಖತ್ ಆಗಿದೆ ಕಣೋ" ಅಂದ್ರು ಎಲ್ರೂ. ಜೂಮ್ ಮಾಡಿ ನೋಡಿ. ಇಂಗ್ಲಿಷಿನ ಕಾಮರ್ಸ್‌ನಲ್ಲಿ ಎರಡು 'ಎಂ' ಇದೆ. ಎರಡಕ್ಕೂ ಅದೇ ಜಾಗದಲ್ಲಿ ಅದೇ ಬಿರುಕು! ಸವೆತವೂ ಕಾಪಿ ಪೇಸ್ಟ್.

ಭಾಗ 2
ಈ ಅಕ್ಷರ ಹುಟ್ಟಿದ್ದು ಸುಮಾರು 1815ರಲ್ಲಿ, ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಅವರ ಅಚ್ಚುಮೊಳೆ ಕಾರ್ಖಾನೆಯಲ್ಲಿ. ಗೋಡೆಗೆ ಅಂಟಿಸಿದ ಜಾಹೀರಾತು ದೂರದಿಂದಲೇ ಕಾಣಬೇಕಿತ್ತು, ಅದಕ್ಕೇ ಈ ದಪ್ಪ. 1828ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳ ಮಾದರಿ ಪುಸ್ತಕ ತಂದರು. ಮರದ ಮೊಳೆ ಬಳಸ್ತಾ ಬಳಸ್ತಾ ಜಜ್ಜಿಹೋಗುತ್ತೆ, ಶಾಯಿ ಸರಿಯಾಗಿ ಹಿಡಿಯಲ್ಲ. ಇವತ್ತಿನ ಫಾಂಟ್ ನಕಲು ಮಾಡೋದು ಆ ದುಡಿತದ ಗುರುತನ್ನ.

ಭಾಗ 3
ಈಗ ಊರಿಗೆ ಬನ್ನಿ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿ ಮುಂದೆ 5ನೇ ಶತಮಾನದ ಕದಂಬರ ಸ್ತಂಭ ಶಾಸನ ಇದೆ. ಕವಿ ಕುಬ್ಜ ರಚಿಸಿದ ಸಂಸ್ಕೃತ ಕಾವ್ಯ ಅದು. ಅಕ್ಷರಗಳ ತಲೆ ಮೇಲೆ ಪುಟ್ಟ ಪೆಟ್ಟಿಗೆ! ಲಂಡನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೂ ಪೋಸ್ಟರ್ ನೋಡಿದ ಕಣ್ಣಿಗೆ ತಕ್ಷಣ ಗುರುತು ಹತ್ತುತ್ತೆ.

ಭಾಗ 4
ಕೊನೇ ಫೋಟೋ ಬಂದಳಿಕೆ. ಒಂದು ಕಾಲದಲ್ಲಿ ನಾಗರಖಂಡದ ರಾಜಧಾನಿ. ಸುಮಾರು 1,100 ವರ್ಷ ಹಿಂದೆ ಗಂಡ ತೀರಿಕೊಂಡ ಮೇಲೆ ನಾಗರಖಂಡ 70ರ ಆಡಳಿತ ವಹಿಸಿಕೊಂಡ ಜಕ್ಕಿಯಬ್ಬೆಯ ಕಥೆ ನಮಗೆ ಗೊತ್ತಾಗಿದ್ದು ಇಲ್ಲಿನ ಶಾಸನದಿಂದ. ಕಡೆಗೆ ಕಾಯಿಲೆ ಬಿದ್ದಾಗ ಅಧಿಕಾರ ಮಗಳಿಗೆ ಒಪ್ಪಿಸಿ, ಬಸದಿಯಲ್ಲಿ ಸಲ್ಲೇಖನ ಕೈಗೊಂಡಳಂತೆ. ಈ ತಾಲ್ಲೂಕಿನ ಶಾಸನಗಳನ್ನ ಬಿ. ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' 7ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು.

"ಪುಸ್ತಕದಲ್ಲಿ ಇದೆಯಲ್ಲ, ಕಲ್ಲು ಯಾಕೆ?" ಅಂತೀರಾ? ಬಿಕಾಂ ಹುಡುಗನ ಉತ್ತರ ಕೇಳಿ: ಪುಸ್ತಕ ಲೆಡ್ಜರ್, ಕಲ್ಲು ವೋಚರ್. ಎಂಟ್ರಿ ತಪ್ಪಾಗಿದ್ಯಾ ಅಂತ ಅನುಮಾನ ಬಂದ್ರೆ ತಾಳೆ ನೋಡೋಕೆ ವೋಚರ್ರೇ ಬೇಕು. ಅದು ಹೋದ್ರೆ ಆಡಿಟ್ ಮುಗೀತು.

ಭಾಗ 5
ಒಂದು ತಪ್ಪೊಪ್ಪಿಗೆ. ಹೈಸ್ಕೂಲಲ್ಲಿದ್ದಾಗ ಬಂದಳಿಕೆಗೆ ಹೋಗಿ, ಫೋಟೋ ಚೆನ್ನಾಗಿ ಬರಲಿ ಅಂತ ಒಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜಿದ್ದೆ. ಪಕ್ಕದಲ್ಲಿ ಯಾರೋ ತಮ್ಮ ಹೆಸರು ಕೆತ್ತಿದ್ರು. ಅವರನ್ನ ಬೈಕೊಂಡೇ ಉಜ್ಜಿದ್ದೆ ಅನ್ನೋದು ತಮಾಷೆ. ಉಜ್ಜಿದಷ್ಟೂ ಕಲ್ಲಿನ ಅಂಚು ಸವೆಯುತ್ತೆ, ಪುಡಿ ಸಂದಿಯಲ್ಲಿ ಕೂರುತ್ತೆ ಅಂತ ಆಗ ತಲೆಗೆ ಹೊಳೀಲಿಲ್ಲ.

ಫಾಂಟಿನ ಬಿರುಕು ಬೇಡ ಅಂದ್ರೆ ಅನ್‌ಡೂ ಒತ್ತಬಹುದು. ಇಲ್ಲಿ ಆ ಬಟನ್ ಇಲ್ಲ.

ಮುಂದಿನ ಸಲ ಹೋದಾಗ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ, ಓರೆ ಬಿಸಿಲಲ್ಲಿ ಅಕ್ಷರ ತಾನೇ ಎದ್ದು ಕಾಣುತ್ತೆ. ಮೋಡ ಇದ್ರೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡೀರಿ. ಕೈ ಮಾತ್ರ ಜೇಬಲ್ಲಿರಲಿ.

#ಬಂದಳಿಕೆ #ತಾಳಗುಂದ #ಶಿಕಾರಿಪುರ